ಬೆಳಕು ನೋಡುವುದು

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ, ಹೇಳುತ್ತಿದ್ದೇನೆ, ಕ್ಷಮಿಸಬೇಕು. ನಾನು ಕಾಫಿ ರಫ್ತು ಮಾಡುವ ಗೋದಾಮಿನ ಗುಮಾಸ್ತ.

ಹೋದ ಸಲ ಹಡಗಿನಲ್ಲಿ ಕಳಿಸಿದ ಕಾಫಿ ಬೀಜಕ್ಕೆ ಬೂಸ್ಟು ಹಿಡಿದಿತ್ತು. ತಪ್ಪು ಯಾರದೆಂದು ತಿಳಿಸದಿದ್ದರೆ ವ್ಯಾಪಾರವೇ ಬೇಡ ಎಂದಿದ್ದ ವಿದೇಶದ ಗಿರಾಕಿ.

“ನೀನು ತಂದದ್ದು ತೂತು ಕಂಟೇನರ್,” ಎಂದರು ಧಣಿಗಳು.

“ನೀವು ತುಂಬಿಸಿದ್ದು ಒಣಗದ ಬೀಜ ಮಾರಾಯ್ರೆ,” ಎಂದ ಶಿಪ್ಪಿಂಗ್ ಏಜೆಂಟ್.

ಈ ಸಲದ ಖಾಲಿ ಕಂಟೇನರ್ ಅಂಗಳದಲ್ಲಿ ನಿಂತಿತ್ತು. ಸರಕು ತುಂಬುವ ಮೊದಲು ಒಬ್ಬರು ಒಳಗೆ ನಿಂತು, ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕು ನುಸುಳುತ್ತದೆಯೇ ಎಂದು ನೋಡುವುದು ರೂಢಿ. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬದೆ ಇಬ್ಬರೂ ಒಳಹೊಕ್ಕರು. ನಾನು ಬಾಗಿಲು ಹಾಕಿದೆ.

“ಬೆಳಕು ಕಾಣ್ತದಾ?” ಎಂದ ಏಜೆಂಟ್.

“ನಿನ್ನ ತಲೆಯಲ್ಲೇ ಇಲ್ಲ, ಇಲ್ಲಿ ಎಲ್ಲಿಂದ ಬರ್ಬೇಕು?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ!”

ತಗಡಿಗೆ ಏನೋ ಬಡಿದ ಸದ್ದಾಯಿತು. ಆಮೇಲೆ ಪಿಸುಮಾತು, ಆಮೇಲೆ ನಗು. ಗಾಬರಿಯಾಗಿ ಬಾಗಿಲು ತೆಗೆದೆ. ಧಣಿಗಳ ಕೈ ಏಜೆಂಟನ ಹೆಗಲ ಮೇಲಿತ್ತು.

“ಹೋದ ಸಲ ಬಾಗಿಲು ಸರಿಯಾಗಿ ಹಾಕದವ ನೀನೇ ಅಲ್ವಾ?” ಎಂದರು ಧಣಿಗಳು.

ಆ ಕತ್ತಲೆಯಲ್ಲಿ ನನ್ನ ಹೆಸರನ್ನು ಮೊದಲು ಎತ್ತಿದವರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ.