ಅಕ್ಕನ ಪ್ರಬಂಧ

"ಮೇಡಂ, ನಿಮ್ಮ ಪ್ರಬಂಧದಲ್ಲಿ ಇರೋದನ್ನೆಲ್ಲ ಮಾಡಿ ನೋಡಿದ್ವಿ. ಮುಂದೆ ಏನು ಕೊಡೋಣ?" ಎಂದು ವೈದ್ಯ ದನಿ ತಗ್ಗಿಸಿ ವಿಜ್ಞಾನಿಯನ್ನು ಕೇಳಿದ.

ಹಾಸಿಗೆಯಲ್ಲಿದ್ದ ಅವಳ ತಮ್ಮನ ಮುಖ ಅರಳಿತು. ಅವನ ರೋಗನಿರೋಧಕ ಶಕ್ತಿಯೇ ಅವನ ಮೇಲೆ ತಿರುಗಿಬಿದ್ದು ಶ್ವಾಸಕೋಶಗಳನ್ನು ತಿನ್ನುತ್ತಿತ್ತು. ಆ ಕಾಯಿಲೆಯ ಬಗ್ಗೆ ಯಾವ ದೇಶದವರು ಬರೆದರೂ ಅಕ್ಕನ ಪ್ರಬಂಧವನ್ನು ಉಲ್ಲೇಖಿಸದೆ ಬಿಡುತ್ತಿರಲಿಲ್ಲ.

"ನೋಡಿದ್ರಾ ಡಾಕ್ಟ್ರೇ, ನಮ್ಮಕ್ಕನ್ನ ಕೇಳದೆ ಯಾರ ಕೈಲೂ ಏನೂ ಆಗಲ್ಲ," ಎಂದು ಅವನು ಏದುಸಿರಿನಲ್ಲೇ ನಕ್ಕ. "ಹೇಳೇ ಅಕ್ಕ."

ತಾನೇ ಬರೆದ ಕೊನೆಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು: 'ಈ ಹಂತದ ನಂತರದ ಚಿಕಿತ್ಸೆಗೆ ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ.'

"ಹೇಳ್ತೀನಿ ಕಣೋ, ಸ್ವಲ್ಪ ಇರು," ಎಂದವಳು ಸರಿಯಾಗಿಯೇ ಇದ್ದ ಅವನ ಹೊದಿಕೆಯನ್ನು ಮತ್ತೆ ಮತ್ತೆ ಸರಿಪಡಿಸತೊಡಗಿದಳು.