ಲಾರಿಯ ಜೊತೆ ಫ್ರಿಜ್ ಉಚಿತ

ಲಾರಿ ಕೊಂಡರೆ ಫ್ರಿಜ್ ಉಚಿತ ಎಂದು ಷೋರೂಮಿನ ಸೇಲ್ಸ್‌ಮನ್ ಹೇಳಿ ಮುಗಿಸುವಷ್ಟರಲ್ಲಿ ಬೀರಣ್ಣ ಲಾರಿಯನ್ನು ಬಿಟ್ಟು ಫ್ರಿಜ್ಜಿಗೆ ಒಂದು ಸುತ್ತು ಹಾಕಿ ಬಂದಾಗಿತ್ತು. ಬಾಗಿಲು ತೆಗೆದ, ಒಳಗೆ ದೀಪ ಹತ್ತುವುದನ್ನು ನೋಡಿದ, ಮುಚ್ಚಿದ. ಮುಚ್ಚಿದ ಮೇಲೆ ದೀಪ ಆರಿತೋ ಇಲ್ಲವೋ ಎಂಬ ಅನುಮಾನಕ್ಕೆ ಮತ್ತೆ ತೆಗೆದ.

“ಫ್ರಿಜ್ ಅಲ್ದೆ ಮೊದಲನೇ ವರ್ಷದ ಇನ್ಶೂರೆನ್ಸು, ಸೀಟ್ ಕವರು, ಹಾಡು ಕೇಳೋಕೆ ಸ್ಪೀಕರು. ಆಫರ್ ಇವತ್ತು ಸಂಜೆಗೆ ಮುಗಿಯುತ್ತೆ ಸಾರ್.”

“ಇವತ್ತು ಸಂಜೆಗೆ ಮುಗಿಯುತ್ತೆ ಅಂತ ಹೋದ ವಾರಾನೂ ಹೇಳಿದ್ರಿ,” ಎಂದಳು ಬೀರಣ್ಣನ ಹೆಂಡತಿ.

“ಅದು ಹೋದ ವಾರದ ಸಂಜೆ ಮೇಡಂ.”

ಗಂಡಹೆಂಡತಿ ಇಬ್ಬರದೂ ಒಂದೇ ಕಸುಬು: ಮನೆ ಬದಲಿಸುವವರ ಸಾಮಾನು ಸಾಗಿಸುವುದು. ಅವಳು ಓಡಿಸುತ್ತಾಳೆ, ಅವನು ಎತ್ತುತ್ತಾನೆ. ಒಂದಾನೊಂದು ಕಾಲದಲ್ಲಿ ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೂರನೆಯ ಮಹಡಿಗೆ ಏರಿಸಿದ್ದಕ್ಕೆ ಊರು ಕೊಟ್ಟ ಹೆಸರು ಬೀರಣ್ಣ. ಆ ಕಾಲ ಕಳೆದುಹೋಗಿದೆ ಎಂಬುದು ಅವನ ಬೆನ್ನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು. ಅವನಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಈಚೆಗೆ ಬೂಟಿನ ಲೇಸು ಕಟ್ಟಲು ಬಾಗಲಾಗದೆ, ಬೂಟು ಹಾಕುವುದೇ ಕೆಟ್ಟ ಅಭ್ಯಾಸ ಎಂದು ಸಾರಿ ಚಪ್ಪಲಿಗೆ ಬದಲಾಗಿದ್ದ. ಅವರ ಹಳೆಯ ಗಾಡಿ ಹೋದ ತಿಂಗಳು ಸೇತುವೆಯ ಮೇಲೆ, ಯಾರದೋ ಸೋಫಾಸೆಟ್ಟಿನ ಸಮೇತ, ಕೊನೆಯುಸಿರೆಳೆದಿತ್ತು. ಸೋಫಾದ ಒಡೆಯ ಬಿಸಿಲಲ್ಲಿ, ತನ್ನದೇ ಸೋಫಾದ ಮೇಲೆ ಕೂತು, ಬೀರಣ್ಣನ ವಂಶವನ್ನೆಲ್ಲ ವಿಚಾರಿಸಿಕೊಂಡಿದ್ದ. ಅಂದಿನಿಂದ ಬೀರಣ್ಣನದು ಒಂದೇ ಹಟ: ತಗೊಂಡರೆ ಹೊಸದೇ.

ಅವಳ ಕಣ್ಣಿದ್ದದ್ದು ಕಾಂಪೌಂಡಿನಾಚೆ, ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳದಲ್ಲಿ ನಿಂತ ನೀಲಿ ಲಾರಿಯ ಮೇಲೆ. ಬಣ್ಣ ಮಾಸಿತ್ತು, ಎಡಗಡೆಯ ಕನ್ನಡಿ ಬೇರೆ ಯಾವುದೋ ಗಾಡಿಯದು. ಆದರೆ ಸಾಮಾನು ಹೇರುವ ಅದರ ಬಾಡಿ ತಗ್ಗು, ಮನುಷ್ಯನ ತೊಡೆಯ ಮಟ್ಟಕ್ಕೆ. ಇಲ್ಲಿ ಮದುಮಗನ ಹಾಗೆ ಹೊಳೆಯುತ್ತ ನಿಂತದ್ದರ ಬಾಡಿ ಬೀರಣ್ಣನ ಎದೆಗೆ ಬರುತ್ತಿತ್ತು.

“ಹತ್ತು ವರ್ಷ ಗ್ಯಾರಂಟಿ ಕಣೇ!”

“ಗಾಡಿಗೆ ತಾನೇ?”

“ಮತ್ತಿನ್ಯಾರಿಗೆ?”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಸೇಲ್ಸ್‌ಮನ್ ಸುಮ್ಮನೆ ಕೆಮ್ಮಿದ.

“ನನ್ನ ಬೆನ್ನಿಗೇನಾಗಿದೆ?” ಎಂದ ಬೀರಣ್ಣ.

“ಬೆನ್ನಿನ ಸುದ್ದಿ ನಾನೆಲ್ಲಿ ತೆಗೆದೆ? ಸರಿ ಬಿಡಿ, ಆ ಫ್ರಿಜ್ ಹೆಂಗೂ ನಮ್ಮದೇ ಆಗೋದು. ಅದನ್ನ ಈ ಗಾಡಿ ಮೇಲೆ ಹತ್ತಿಸಿಬಿಡಿ ನೋಡೋಣ. ಹತ್ತಿಸಿದ್ರೆ ಇದನ್ನೇ ತಗೊಳ್ಳೋಣ, ನಾನು ತುಟಿಪಿಟಕ್ ಅನ್ನಲ್ಲ.”

ಆಡಿದ ಮರುಗಳಿಗೆಯೇ ಅವಳಿಗೆ ತಪ್ಪಿನ ಅರಿವಾಯಿತು. ಅವನು ಹಿಂಜರಿಯಲಿ ಎಂದು ಆಡಿದ ಮಾತು. ಇಷ್ಟು ವರ್ಷ ಸಂಸಾರ ಮಾಡಿಯೂ ಅವನು ಹಿಂಜರಿಯುವ ಜಾತಿಯಲ್ಲ ಎಂಬುದನ್ನು ಮರೆತಿದ್ದಳು. “ಬೇಡ ರೀ, ತಮಾಷೆಗಂದೆ,” ಎನ್ನುವುದರೊಳಗೆ ಬೀರಣ್ಣ ಷರ್ಟಿನ ತೋಳು ಮಡಿಸಿ, ಫ್ರಿಜ್ಜಿನ ಮೈ ತಟ್ಟಿ, ಕುಕ್ಕರಗಾಲಲ್ಲಿ ಕೂತು ಅದನ್ನು ಅಪ್ಪಿಕೊಂಡಾಗಿತ್ತು. ಫ್ರಿಜ್ ಮೊಣಕಾಲು ದಾಟಿತು. ಸೊಂಟ ಮುಟ್ಟಿತು. ಎದೆಯ ಕಡೆಗೆ ಹೊರಟದ್ದು ನಡುದಾರಿಯಲ್ಲಿ ಮನಸ್ಸು ಬದಲಿಸಿತು. ಒಣಕಡ್ಡಿ ಮುರಿದ ಹಾಗೆ ‘ಲಟಕ್’ ಎಂದು ಸದ್ದಾಯಿತು.

“ಅಯ್ಯೋ, ಡಿಸ್‌ಪ್ಲೇ ಪೀಸು!” ಎಂದು ಸೇಲ್ಸ್‌ಮನ್ ಓಡಿಬಂದು ಫ್ರಿಜ್ಜನ್ನು ತಬ್ಬಿಕೊಂಡ. ಹೆಂಡತಿ ಗಂಡನನ್ನು ಹಿಡಿದುಕೊಂಡಳು. ಎಷ್ಟಾದರೂ ಕಸುಬಿನವನು, ಬೀರಣ್ಣ ಅದನ್ನು ಒಂದು ಗೀರೂ ಬೀಳದಂತೆ ನೆಲಕ್ಕಿಳಿಸಿದ್ದ. ಇಳಿಸಿದವನು ಮಾತ್ರ ಬಾಗಿದ ಭಂಗಿಯಲ್ಲೇ ಉಳಿದುಬಿಟ್ಟ.

“ಏನಾದ್ರೂ ಬೀಳಿಸ್ಕೊಂಡ್ರಾ ಸಾರ್?”

“ಇಲ್ಲ, ಟೈರ್ ನೋಡ್ತಾ ಇದ್ದೀನಿ,” ಎಂದ ಬೀರಣ್ಣ, ನೆಲಕ್ಕೆ. “ಒಳ್ಳೆ ಟೈರು.”

ಸೇಲ್ಸ್‌ಮನ್ ಆಸೆ ಬಿಡಲಿಲ್ಲ. ಟೆಸ್ಟ್ ಡ್ರೈವ್ ಲೆಕ್ಕದಲ್ಲಿ ಹೊಸ ಗಾಡಿಯಲ್ಲೇ ಮನೆವರೆಗೂ ಬಿಡಿಸುತ್ತೇನೆ, ಹತ್ತಿ ಎಂದ. ಹತ್ತಲು ಎರಡು ಮೆಟ್ಟಿಲಿದ್ದವು. ಬೀರಣ್ಣ ಮೊದಲನೆಯದನ್ನು ಹತ್ತಿರದಿಂದ, ಬಹಳ ಹತ್ತಿರದಿಂದ ನೋಡಿದ. ಕಾಲು ಮೇಲೇಳಲಿಲ್ಲ. ‘ನಾನು ಹೇಳಲಿಲ್ವಾ’ ಎಂಬ ಮಾತು ಹೆಂಡತಿಯ ನಾಲಿಗೆಯ ತುದಿಗೆ ಬಂತು. ಅವನ ಹಣೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ಬೆವರು ಕಂಡು ನುಂಗಿಕೊಂಡಳು.

ಕಾಂಪೌಂಡಿನ ಮೇಲೆ ಗಲ್ಲ ಊರಿ ಇಷ್ಟನ್ನೂ ಪುಕ್ಕಟೆ ನೋಡುತ್ತಿದ್ದ ಸೆಕೆಂಡ್ ಹ್ಯಾಂಡ್ ಅಂಗಳದ ಮುದುಕ ನೀಲಿ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂಬಾಗಿಲು ಇಳಿಬಿಟ್ಟ. ಒಂದು ಹಳೆಯ ಕಂಬಳಿಯನ್ನೂ ಹಾಸಿದ. “ತಗೊಳ್ಳೋದು ಬಿಡೋದು ಆಮೇಲಮ್ಮ. ಮೊದ್ಲು ಯಜಮಾನರನ್ನ ಮನೆ ಮುಟ್ಟಿಸಿ.” ಬೀರಣ್ಣ ಮಂಚಕ್ಕೆ ಒರಗುವಂತೆ ಬಾಡಿಯ ಅಂಚಿಗೆ ಒರಗಿ, ಒಂದು ಮಗ್ಗುಲಿಗೆ ಉರುಳಿದ. ಯಾರೂ ಎತ್ತಬೇಕಾಗಲಿಲ್ಲ.

ಅವಳು ಗಾಡಿ ಬಿಟ್ಟಳು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸೋತರು. ಸೈಕಲ್ಲಿನವರೂ ದಾಟಿಕೊಂಡು ಹೋದರು. ಆಕಾಶ ನೋಡುತ್ತ ಮಲಗಿದ್ದ ಬೀರಣ್ಣನಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ಕ್ಯಾಬಿನ್ನಿನ ಹಿಂದಿನ ಕಿಂಡಿಯನ್ನು ತಟ್ಟಿದ.

“ನೋಡಿದ್ಯಾ? ಆಮೆ ಥರ ಹೋಗ್ತಾ ಇದೆ. ಇಂಜಿನ್ನಲ್ಲಿ ದಮ್ಮೇ ಇಲ್ಲ. ಅದಕ್ಕೇ ಬಡ್ಕೊಂಡೆ, ಹೊಸದು ತಗೊಳ್ಳೋಣ ಅಂತ.”

ಮುಂದೆ ರಸ್ತೆಯ ಉಬ್ಬು ಕಂಡಿತು. ಅವಳು ಇನ್ನೊಂದು ಗೇರ್ ಇಳಿಸಿದಳು.

“ಇಂಜಿನ್ ಚೆನ್ನಾಗೇ ಇದೆ ರೀ. ಹಿಂದೆ ಒಡೆಯೋ ಸಾಮಾನಿದೆ.”