ಲಂಗದ ಕೆಳಗಿನ ಮೂರು ಇಂಚು

ಈ ಕಥೆಯಲ್ಲಿ ದಡ್ಡ ನಾನೇ... ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಶಾಲಾ ಯೂನಿಫಾರ್ಮ್ ಹೊಲಿಯುವ ಫ್ಯಾಕ್ಟರಿಗಳಿಗೆ ಪ್ರೋಗ್ರಾಂ ಮಾಡಿಕೊಡುತ್ತೇವೆ. ಮಕ್ಕಳ ಅಳತೆ ಹಾಕಿದರೆ ಸಾಕು... ಬಟ್ಟೆಯನ್ನು ಎಲ್ಲಿ, ಎಷ್ಟು ಕತ್ತರಿಸಬೇಕೆಂದು ಅದೇ ಹೇಳುತ್ತದೆ.

ನಾವು ನಾಲ್ವರೂ ಕಂಪ್ಯೂಟರ್ ಸೈನ್ಸ್ ಇಂಜಿನಿಯರ್‌ಗಳು. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಕಳೆದ ಏಪ್ರಿಲ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಬೇಕೆಂದು ಜಾಹೀರಾತು ಕೊಟ್ಟೆವು. ಇಂಟರ್‌ವ್ಯೂಗೆ ಬಂದವರಲ್ಲಿ ಮಹಾನಂದಾ ಎಂಬ ಮೂವತ್ತೆರಡು ವರ್ಷದ ಹೆಣ್ಣುಮಗಳೂ ಇದ್ದರು.

"ಡಿಗ್ರಿ ಯಾವುದ್ರಿ?" ಎಂದೆ.

"ಡಿಗ್ರಿ ಇಲ್ರಿ ಸರ್. ಪಿಯುಸಿ ಆಗೇತ್ರಿ. ಹತ್ತ ವರ್ಷ ಯೂನಿಫಾರ್ಮ್ ಫ್ಯಾಕ್ಟರಿಯಾಗ ಕಟಿಂಗ್ ಮಾಡೀನ್ರಿ. ಪ್ರೋಗ್ರಾಮಿಂಗ್ ಮೂರ ವರ್ಷದಿಂದ ಮನ್ಯಾಗ ಕಲತೀನ್ರಿ."

ಬಟ್ಟೆ ಕತ್ತರಿಸುವವರು ಕೋಡ್ ಬರೆಯುತ್ತಾರಂತೆ... ಮನಸ್ಸಿನಲ್ಲೇ ನಕ್ಕೆ.

ಕಾಲೇಜಿನಲ್ಲಿ ಓದಿದ್ದರಲ್ಲೇ ಮೂರು ಪ್ರಶ್ನೆ ಕೇಳಿದೆ. ಒಂದಕ್ಕೆ ಉತ್ತರ ಬಂತು. ಉಳಿದೆರಡಕ್ಕೆ "ಗೊತ್ತಿಲ್ರಿ ಸರ್" ಎಂದು ನೇರವಾಗಿ ಹೇಳಿಬಿಟ್ಟರು.

"ಆತ್ರಿ, ಫೋನ್ ಮಾಡ್ತೇವಿ" ಎಂದೆ. ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಅವರು ಏಳಲಿಲ್ಲ.

"ಸರ್, ಇದು ಹನ್ನೊಂದನೇ ಇಂಟರ್‌ವ್ಯೂ ಐತ್ರಿ. ಹತ್ತೂ ಕಡೆ ಡಿಗ್ರಿ ಕೇಳಿ ವಾಪಸ್ ಕಳಸ್ಯಾರ್ರಿ. ಒಬ್ರೂ ಲ್ಯಾಪ್‌ಟಾಪ್ ಮುಂದ ಕುಂದ್ರಿಸಿಲ್ರಿ. ನೀವೂ ಬ್ಯಾಡ ಅಂದ್ರ ನಾಳೆ ಮತ್ತ ಕತ್ರೀನ ಹಿಡಿತೀನ್ರಿ. ಒಂದ ತಾಸು ಕೊಡ್ರಿ."

ದಾಕ್ಷಿಣ್ಯಕ್ಕೆ ಲ್ಯಾಪ್‌ಟಾಪ್ ಕೊಟ್ಟೆ. ಅದರಲ್ಲಿ ನಮ್ಮ ಹೊಸ ಪ್ರೋಗ್ರಾಂ ಇತ್ತು. ಮರುದಿನವೇ ಫ್ಯಾಕ್ಟರಿಗೆ ಹೋಗಬೇಕು... ಮೂರು ಸಾವಿರ ಹುಡುಗಿಯರ ಯೂನಿಫಾರ್ಮ್!

"ಏನರ ತಪ್ಪು ಐತೇನ ನೋಡ್ರಿ" ಎಂದೆ, ಚೇಷ್ಟೆಗೆ.

ಹತ್ತು ನಿಮಿಷ ಆಗಿರಬೇಕು...

"ಸರ್, ಲಂಗದ ಕೆಳಗಿನ ಮಡಿಕಿ ಎಲ್ಲೈತ್ರಿ?"

"ಅರ್ಧ ಇಂಚು ಬಿಟ್ಟೇವಲ್ರಿ. ಫ್ಯಾಕ್ಟರಿಯವ್ರು ಮೂರ ಇಂಚು ಬಿಡ್ತಿದ್ರು, ಸುಮ್ನ ವೇಸ್ಟ್ ಅಂತ ನಾವ ತಗದ್ವಿ. ಎಷ್ಟ ಬಟ್ಟಿ ಉಳೀತು ನೋಡ್ರಿ!"

ಅವರು ಪರದೆಯ ಮೇಲಿನ ಆ ಅರ್ಧ ಇಂಚಿನ ಮೇಲೆ ಬೆರಳಿಟ್ಟರು.

"ಸರ್... ಅದು ವೇಸ್ಟ್ ಅಲ್ರಿ. ಹುಡುಗಿ ಬೆಳೀತಾಳ್ರಿ. ಮುಂದಿನ ಜೂನ್‌ದಾಗ ಅವ್ವ ಹೊಲಿಗಿ ಬಿಚ್ಚಿ ಲಂಗ ಇಳಸ್ತಾಳ್ರಿ. ವರ್ಷಾ ಹೊಸಾದ ಹೊಲಸೂದು ಎಲ್ಲಾರ ಕೈಲೆ ಆಗಂಗಿಲ್ರಿ."



ಐದನೇ ಕ್ಲಾಸಿನ ನನ್ನ ನೀಲಿ ಪ್ಯಾಂಟ್ ನೆನಪಾಯಿತು. ಎರಡು ಜೂನ್ ನಮ್ಮವ್ವ ಅದರ ಮಡಿಕೆ ಬಿಚ್ಚಿ ಇಳಿಸಿದ್ದಳು. ಮಾಸಿದ ಪ್ಯಾಂಟಿನ ಕೆಳಗೆ ಕಡುನೀಲಿ ಪಟ್ಟಿ ಎದ್ದು ಕಾಣುತ್ತಿತ್ತು.

ಆ ಪಟ್ಟಿಯ ಪ್ಯಾಂಟ್ ಹಾಕಿಕೊಂಡೇ ಓದಿದವನು ನಾನು... ಇಂಜಿನಿಯರ್ ಆದ ಮೇಲೆ ಅದನ್ನೇ ವೇಸ್ಟ್ ಎಂದು ಅಳಿಸಿ ಹಾಕಿದ್ದೆ!

ಕಣ್ಣು ತುಂಬಿ ಬಂತು. ಕಿಟಕಿಯ ಕಡೆ ತಿರುಗಿ ನಿಂತೆ.

ಅವರಿಗೆ ಇದ್ಯಾವುದರ ಪರಿವೆಯೇ ಇರಲಿಲ್ಲ. ಟೈಪ್ ಮಾಡುತ್ತಲೇ ಇದ್ದರು. ತಾಸು ಮುಗಿಯುವಷ್ಟರಲ್ಲಿ ಪ್ರೋಗ್ರಾಂ ಸರಿಯಾಗಿತ್ತು. ಎಲ್ಲ ಕ್ಲಾಸಿಗೂ ಮೂರು ಇಂಚು ಮಡಿಕೆ... ಹತ್ತನೇ ಕ್ಲಾಸಿಗೆ ಮಾತ್ರ ಒಂದೇ ಇಂಚು.

"ಅವ್ರು ಮುಂದಿನ ವರ್ಷ ಸಾಲ್ಯಾಗ ಇರಂಗಿಲ್ಲಲ್ರಿ ಸರ್. ಅಲ್ಲಿ ಬಟ್ಟಿ ಉಳಸೂಣ್ರಿ."

ನಾಲ್ಕು ನಾಲ್ಕು ಸಲ ಪರೀಕ್ಷೆ ಮಾಡಿದೆ. ಒಂದು ತಪ್ಪೂ ಸಿಗಲಿಲ್ಲ. ಎಂಥಾ ಚೊಕ್ಕ ಕೆಲಸ ಅಂತೀರಿ!

ಅವರಿಗೆ ಉತ್ತರ ಗೊತ್ತಿರದ ಆ ಎರಡು ಪ್ರಶ್ನೆಗಳೂ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ಅವನ್ನು ವಾರದಲ್ಲಿ ಕಲಿಸಬಹುದು. ಅವರು ನೋಡಿದ್ದನ್ನು ನೋಡಲು ನಮಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

"ಸೋಮವಾರದಿಂದ ಕೆಲಸಕ್ಕ ಬರ್ರಿ ಮಹಾನಂದಾ ಅವ್ರ" ಎಂದೆ.

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅಲ್ಲೇ ಕಂಪ್ಯೂಟರ್‌ನಲ್ಲಿ ಅವರ ನೇಮಕಾತಿ ಫಾರ್ಮ್ ತುಂಬಿದೆ. ಸೇವ್ ಒತ್ತಿದರೆ... ಆಗುತ್ತಲೇ ಇಲ್ಲ! 'ಡಿಗ್ರಿ' ಎಂಬ ಜಾಗ ಖಾಲಿ ಬಿಡುವಂತಿಲ್ಲ ಎಂದು ಕೆಂಪಕ್ಷರ ಬಂತು.

ಆ ಫಾರ್ಮ್ ಮಾಡಿದ ಮಹಾಶಯನೂ ನಾನೇ. ಪೆಚ್ಚಾಗಿ ಕೂತೆ.

ಅವರು ಕಣ್ಣೊರೆಸಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡರು...

"ಸರ್, ಇದನ್ನೂ ನಾನ ಸರಿ ಮಾಡ್ಲೇನ್ರಿ?"

ನಮ್ಮ ಕಂಪನಿಯವರಾಗಿ ಅವರು ಮಾಡಿದ ಮೊದಲ ಕೆಲಸ ಅದು.

*ಡಿಗ್ರಿಗೆ ಗೌರವ ಇರಲಿ... ಆದರೆ ಅದಿಲ್ಲದವರಿಗೆ, ಕೆಲಸ ಮಾಡಿ ತೋರಿಸುವ ಮೊದಲೇ 'ಇಲ್ಲ' ಎನ್ನಬೇಡಿ.*

ನೀವು ಕೊನೆಯ ಸಲ "ಫೋನ್ ಮಾಡ್ತೇವೆ" ಎಂದು ಕಳಿಸಿದ್ದು ಯಾರನ್ನು?